'ನೀ ಸುಮ್ಮ ಕುಂದ್ರಬೇ ಯಮ್ಮಾ'

ನೇಸರಗಿಯ ಕಡೆ ಈಗ ಅನೇಕ ಮನೆಗಳ ಪಡಸಾಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬಂದಿದೆ. ಅದು ಮನೆಯ ಹಿರಿಯರದು. ಚಹಾ ಅಲ್ಲಿಗೇ ಬರುತ್ತದೆ, ರೊಟ್ಟಿ-ಪಲ್ಯದ ತಾಟೂ ಅಲ್ಲಿಗೇ. ಅಜ್ಜಿ ಕಸಬರಿಗೆ ಹಿಡಿಯಲು ಎದ್ದರೆ ಸೊಸೆ, ಮೊಮ್ಮಕ್ಕಳು ಒಂದೇ ಉಸಿರಿಗೆ 'ನೀ ಸುಮ್ಮ ಕುಂದ್ರಬೇ ಯಮ್ಮಾ' ಎನ್ನುತ್ತಾರೆ. ಪ್ರೀತಿಯ ಮಾತೇ. ಕರಿ ಎರೆಹೊಲದಲ್ಲಿ ಐವತ್ತು ವರ್ಷ ಕಳೆ ತೆಗೆದ ಜೀವಕ್ಕೆ ವಿಶ್ರಾಂತಿ ಬೇಡವೆಂದು ಯಾರು ಹೇಳಿಯಾರು? ವೈದ್ಯವಿಜ್ಞಾನ ಹೇಳುತ್ತಿದೆ!

ವಯಸ್ಸಾದಂತೆ ಮಾಂಸಖಂಡ ಕರಗುವುದು ಎಲ್ಲರಿಗೂ ಕಾಣುವ ಸಂಗತಿ. ಆದರೆ ಅದಕ್ಕೊಂದು ಹೆಸರೇ ಇರಲಿಲ್ಲ. 1988ರಲ್ಲಿ ಅಮೆರಿಕದ ಇರ್ವಿನ್ ರೋಸನ್‌ಬರ್ಗ್ ಗ್ರೀಕ್ ಮೂಲದಿಂದ 'ಸಾರ್ಕೊಪೀನಿಯಾ' ಎಂಬ ಪದ ಕಟ್ಟಿದರು. ಮಾಂಸದ ಬಡತನ ಎಂದು ಅರ್ಥ. ಹೆಸರು ಬಂದ ಮೇಲೆ ಅಳೆಯುವವರೂ ಬಂದರು. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿದರು. ರೋಗವಿಲ್ಲ, ರುಜಿನವಿಲ್ಲ, ಬರೀ ಮಲಗುವುದು. ಅಷ್ಟಕ್ಕೇ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಇಳಿದುಹೋಗಿತ್ತು. ಎಲುಬಿನ ಕಥೆಯೂ ಬೇರೆಯಲ್ಲ. ಭಾರವೇ ಇಲ್ಲದ ಅಂತರಿಕ್ಷದಲ್ಲಿ ತೇಲುವ ಗಟ್ಟಿಮುಟ್ಟು ಯಾನಿಗಳೂ ಸೊಂಟದ ಎಲುಬಿನ ಸಾಂದ್ರತೆಯನ್ನು ತಿಂಗಳಿಗೆ ಶೇಕಡಾ ಒಂದರಷ್ಟು ಕಳೆದುಕೊಳ್ಳುತ್ತಾರೆ. ಹೊರೆ ಬಿದ್ದರೆ ಎಲುಬು ಗಟ್ಟಿಯಾಗುತ್ತದೆ, ಬೀಳದಿದ್ದರೆ ಸವೆಯುತ್ತದೆ.

ಈ ಹೊರೆ ಹಿಂದೆ ತಾನಾಗಿಯೇ ಬೀಳುತ್ತಿತ್ತು. ಬೀಸುವ ಕಲ್ಲು ಭುಜಕ್ಕೆ, ಬಾವಿಯ ಕೊಡ ಸೊಂಟಕ್ಕೆ, ಒಲೆಯ ಮುಂದೆ ಕೂತು ಏಳುವುದು ತೊಡೆಗೆ. ಗಿರಣಿ, ನಲ್ಲಿ, ಗ್ಯಾಸು ಬಂದವು. ಬಂದದ್ದು ಒಳ್ಳೆಯದೇ, ಬೀಸುವ ಕಲ್ಲಿನ ಬವಣೆ ಬೀಸಿದವರಿಗೇ ಗೊತ್ತು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುತ್ತಿದ್ದವರು ಟ್ರ್ಯಾಕ್ಟರ್ ಏರಿದರೂ ತಪ್ಪೇನಿಲ್ಲ. ಹೋದ ಕೆಲಸದ ಜಾಗಕ್ಕೆ ಮತ್ತೇನೂ ಬರಲಿಲ್ಲ ಎಂಬುದೇ ತೊಡಕು.

ಹಾಗಾದರೆ ತೊಂಬತ್ತರ ಮುದುಕರು ಗರಡಿಮನೆಗೆ ಹೋಗಬೇಕೆ? ನಗೆಯ ಪ್ರಶ್ನೆಯಲ್ಲ. ಬಾಸ್ಟನ್ನಿನ ಒಂದು ವೃದ್ಧಾಲಯದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಜನರಿಂದ ವಾರಕ್ಕೆ ಮೂರು ದಿನ ಕಾಲಿನಿಂದ ಭಾರ ಎತ್ತಿಸಿದರು. 1990ರಲ್ಲಿ ಫಲಿತಾಂಶ ಹೊರಬಿತ್ತು. ಎಂಟು ವಾರಗಳಲ್ಲಿ ತೊಡೆಯ ಶಕ್ತಿ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು! ಇಬ್ಬರು ಊರುಗೋಲು ಬಿಟ್ಟರು. ಆದರೆ ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಮೂರನೇ ಒಂದರಷ್ಟು ಶಕ್ತಿ ಕುಸಿಯಿತು ಎಂಬುದನ್ನೂ ಅದೇ ವರದಿ ಹೇಳಿದೆ.

ಅಳತೆಗೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಕೈಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಬಲ ತಗ್ಗಿದೆಯೆಂದು ಏಷ್ಯಾದ ತಜ್ಞರು 2019ರಲ್ಲಿ ಗುರುತಿಸಿದ್ದಾರೆ. ಗಡಿಯಾರ ಹಿಡಿಯುವ ಕೆಲಸವನ್ನು ಹೈಸ್ಕೂಲು ಓದುವ ಮೊಮ್ಮಗ ಮಾಡಬಹುದು. ಕುರ್ಚಿ ಗೋಡೆಗೆ ಒತ್ತಿರಬೇಕು, ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಎದೆನೋವು, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಸೊಂಟದ ಎಲುಬು ಮುರಿದ ಮೇಲೆ ಆಸ್ಪತ್ರೆಗೆ ಓಡುವುದಕ್ಕಿಂತ ಇದು ಅಗ್ಗ.

ಊಟದ ಮಾತೂ ಇದೆ. ಹಲ್ಲು ಹೋದವರು ಕಾಳು ಬಿಟ್ಟು ಅನ್ನ-ಸಾರಿಗೆ, ಚಹಾ-ಬಿಸ್ಕತ್ತಿಗೆ ಇಳಿಯುತ್ತಾರೆ; ಮಾಂಸಖಂಡಕ್ಕೆ ಬೇಕಾದ ಪ್ರೋಟೀನು ಅಲ್ಲೇ ತಪ್ಪುತ್ತದೆ. ಜೋಳ ಒಳ್ಳೆಯ ಧಾನ್ಯವಾದರೂ ಅದರಲ್ಲಿ ಸುಣ್ಣದ ಅಂಶ 100 ಗ್ರಾಮಿಗೆ 30 ಮಿಲಿಗ್ರಾಮ್ ಕೂಡ ಮುಟ್ಟದು. ರಾಗಿಯಲ್ಲಿ 300 ಮೀರುತ್ತದೆ. ಬೆಳವಲದ ನಾಲಿಗೆ ರಾಗಿಗೆ ಒಗ್ಗದಿದ್ದರೆ ಮೊಸರಿದೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಿದೆ, ಮೆತ್ತಗೆ ಬೇಯಿಸಿದ ಹೆಸರುಕಾಳಿದೆ.

ಇದೆಲ್ಲ ಅಜ್ಜಿಯ ಪಾಡು ಎಂದು ಮಕ್ಕಳು ಪುಟ ತಿರುವಬೇಕಿಲ್ಲ. ಬದುಕಿನಲ್ಲಿ ಕೂಡಿಡುವ ಎಲುಬಿನ ಗಂಟಿನಲ್ಲಿ ಶೇಕಡಾ 90ರಷ್ಟು ಹುಡುಗಿಯರಿಗೆ ಹದಿನೆಂಟು, ಹುಡುಗರಿಗೆ ಇಪ್ಪತ್ತು ತುಂಬುವ ಹೊತ್ತಿಗೇ ಜಮೆಯಾಗಿರುತ್ತದೆ. ಮುಂದೆ ಹೆಚ್ಚಾಗಿ ಅದರ ಖರ್ಚೇ. ಓಟ, ಕುಂಟೆಬಿಲ್ಲೆ, ಹಗ್ಗದಾಟ, ಖೋಖೋ ಎಲುಬಿಗೆ ಹೊರೆ ಕೊಡುವ ಆಟಗಳು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಬಂದೊಡನೆ ಆಟದ ಪಿರಿಯಡ್ಡು ಗಣಿತದ ಪಾಲಾಗುತ್ತದೆ. ಹುಡುಗಿಯರಿಗಂತೂ ಅದಕ್ಕೆ ಎರಡು ವರ್ಷ ಮೊದಲೇ 'ದೊಡ್ಡಾಕಿ ಆಗೀಯ, ಜಿಗೀಬ್ಯಾಡ' ಎಂದು ಅಂಗಳ ಮುಚ್ಚಿರುತ್ತದೆ.