ಹಬ್ಬದ ದಾರಿ

ದೀಪಾವಳಿಯ ಹಿಂದಿನ ದಿನ ಬೆಂಗಳೂರಿನಿಂದ ಊರಿಗೆ ಹೊರಡುವವರ ಸಂಕಟವನ್ನು ಅನುಭವಿಸಿದವರೇ ಬಲ್ಲರು. 2024ನೆಯ ಇಸವಿಯ ಹಬ್ಬವಂತೂ ರಜೆಯ ಲೆಕ್ಕದಲ್ಲಿ ಬಲು ಉದಾರವಾಗಿ ಬಂದಿತ್ತು. ಅಕ್ಟೋಬರ್ 31, ಗುರುವಾರ ನರಕ ಚತುರ್ದಶಿ, ಮರುದಿನ ರಾಜ್ಯೋತ್ಸವ, ಶನಿವಾರ ಬಲಿಪಾಡ್ಯಮಿ, ಅದರ ಬೆನ್ನಿಗೆ ಭಾನುವಾರ. ನಾಲ್ಕು ದಿನಗಳು ಹೀಗೆ ಒಂದರ ಕೈಯನ್ನೊಂದು ಹಿಡಿದು ನಿಂತರೆ, ಬುಧವಾರ ಸಂಜೆ ರಾಜಧಾನಿಯಲ್ಲಿ ಉಳಿಯಲು ಯಾರಿಗೆ ಮನಸ್ಸಾದೀತು?

ನ್ಯಾಮತಿಯ ಕಡೆಯವರಾದ ಮೇಷ್ಟರೊಬ್ಬರು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತರಾದವರು, ಆಗ ಬೆಂಗಳೂರಿನ ಮಗನ ಮನೆಯಲ್ಲಿದ್ದರು. ಆ ವರ್ಷ ಅವರ ಅಣ್ಣ ತೀರಿಕೊಂಡಿದ್ದರು. ಮದುವೆಯಾಗಿ ಮಕ್ಕಳಾದ ಮೇಲೆಯೂ ಚತುರ್ದಶಿಯ ನಸುಕಿನಲ್ಲಿ ಮೇಷ್ಟರ ನೆತ್ತಿಗೆ ಮೊದಲ ಎಣ್ಣೆ ಇಡುತ್ತಿದ್ದವರು ಆ ಅಣ್ಣ. ಈ ಸಲ ಅತ್ತಿಗೆ ದೂರವಾಣಿಯಲ್ಲಿ ಹೆಚ್ಚು ಮಾತನಾಡಿರಲಿಲ್ಲ. “ಹೊತ್ತು ಮೂಡೋದ್ರೊಳಗೆ ಬಾರಪ್ಪ, ಹಂಡೆಗೆ ನೀರು ತುಂಬಿಟ್ಟಿರ್ತೀನಿ” ಎಂದಷ್ಟೇ ಹೇಳಿದ್ದರು.

ಬುಧವಾರ ಬೆಳಗಿನ ಜಾವವೇ ಹೊರಡೋಣವೆಂಬುದು ಮೇಷ್ಟರ ಅಭಿಪ್ರಾಯ. ಮಗನಿಗೆ ರಜೆ ದೊರೆಯಲಿಲ್ಲ. ಅವರ ಹಳೆಯ ವಿದ್ಯಾರ್ಥಿಗಳು ಮೂವರು, ಒಬ್ಬ ಚನ್ನಗಿರಿಯವನು, ಒಬ್ಬ ಹೊನ್ನಾಳಿಯವನು, ಮತ್ತೊಬ್ಬ ಜಗಳೂರಿನವನು, ಬಸ್ಸಿನಲ್ಲಿ ಸ್ಥಳ ಸಿಗದೆ ಅದೇ ಕಾರಿಗೆ ಜೊತೆಯಾದರು. ಈ ನಾಲ್ಕು ಊರುಗಳಿಗೂ ರೈಲಿಲ್ಲ. ಅಟಲ್ ಬಿಹಾರಿ ವಾಜಪೇಯಿಯವರ ಕಾಲದಲ್ಲಿ ಆರಂಭವಾಗಿ ಚತುಷ್ಪಥವಾದ ಹೆದ್ದಾರಿಯೂ ಇವುಗಳಲ್ಲಿ ಒಂದನ್ನೂ ಮುಟ್ಟದೆ, ಚಿತ್ರದುರ್ಗ ದಾವಣಗೆರೆಗಳ ಮೂಲಕ ಹುಬ್ಬಳ್ಳಿಯ ಕಡೆಗೆ ಹೋಗಿಬಿಡುತ್ತದೆ. ನಮ್ಮ ಸೀಮೆಯವರ ಪ್ರಯಾಣವೆಂದರೆ ಅರ್ಧ ಹೆದ್ದಾರಿ, ಇನ್ನರ್ಧ ಹಳ್ಳಿಯ ದಾರಿ.

ಆರೂವರೆಗೆ ಹೊರಟ ಕಾರು ಪೀಣ್ಯದ ಮೇಲ್ಸೇತುವೆ ಏರುವಷ್ಟರಲ್ಲಿ ಎಂಟಾಯಿತು. 2021ರ ಡಿಸೆಂಬರಿನಲ್ಲಿ ಕೇಬಲ್ಲುಗಳ ದೋಷ ಕಂಡು ಮುಚ್ಚಲ್ಪಟ್ಟಿದ್ದ ಆ ಸೇತುವೆ, ಮರುವರ್ಷ ಲಘು ವಾಹನಗಳಿಗೂ 2024ರ ಜುಲೈ ಕೊನೆಯಲ್ಲಿ ಭಾರಿ ವಾಹನಗಳಿಗೂ ತೆರೆದಿತ್ತು. ತೆರೆದರೇನು? ಹಾಸನ, ಮಂಗಳೂರುಗಳಿಗೆ ಹೋಗುವ ಜನಸ್ತೋಮವೂ ನೆಲಮಂಗಲದವರೆಗೆ ಇದೇ ದಾರಿಯನ್ನು ಹಿಡಿಯಬೇಕು. ಕೆರೆಯ ನೀರೆಲ್ಲ ಒಂದೇ ತೂಬಿಗೆ ಬಂದರೆ ಆಗುವುದೇ ಆಯಿತು.

“ಮುಂದೆ ಅಪಘಾತ ಆಗಿರಬೇಕು ಸಾರ್” ಎಂದು ಚನ್ನಗಿರಿಯವನು ಊಹಿಸಿದ. ಮೇಷ್ಟರಿಗೆ ಪಾಠ ಹೇಳಲು ಅಷ್ಟು ನೆಪ ಸಾಕಾಯಿತು. ಏನೂ ಆಗದೆಯೂ ದಟ್ಟಣೆ ಹುಟ್ಟುತ್ತದೆಂದು ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. 230 ಮೀಟರು ಸುತ್ತಳತೆಯ ವರ್ತುಲದಲ್ಲಿ 22 ಕಾರುಗಳನ್ನು ಸಮವೇಗದಲ್ಲಿ ಓಡಿಸಿ ನೋಡಿದ ಅವರ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ತಿರುವಿಲ್ಲ, ಗುಂಡಿಯಿಲ್ಲ, ಸುಂಕದ ಕಟ್ಟೆಯಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿಯೇ ಕೆಲವು ಕಾರುಗಳು ನಿಂತೇಬಿಟ್ಟವು. ಒಬ್ಬನು ತುಸು ನಿಧಾನಿಸಿದರೆ ಹಿಂದಿನವನು ಅದಕ್ಕಿಂತ ಹೆಚ್ಚು ಬ್ರೇಕು ಒತ್ತುತ್ತಾನೆ, ಅವನ ಹಿಂದಿನವನು ಇನ್ನೂ ಹೆಚ್ಚು. ಆ ನಿಲುಗಡೆ ಗಂಟೆಗೆ ಸುಮಾರು 20 ಕಿಲೋಮೀಟರು ವೇಗದಲ್ಲಿ ಅಲೆಯಂತೆ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಮುಂದಿನ ವಾಹನದ ಬಾಲಕ್ಕೆ ಅಂಟಿಕೊಂಡು, ಜಾಗ ಕಂಡೊಡನೆ ಹಾರಿ, ಮತ್ತೆ ಗಕ್ಕನೆ ನಿಲ್ಲುವವನು ದಟ್ಟಣೆಗೆ ಸಿಕ್ಕಿಕೊಂಡವನಷ್ಟೇ ಅಲ್ಲ, ಅದನ್ನು ಹೆಣೆಯುವವನೂ ಹೌದು. ನಡುವೆ ಅಂತರವಿಟ್ಟು ಒಂದೇ ಹದದಲ್ಲಿ ಸಾಗುವುದೇ ಜಾಣತನ.

ಫ್ರಾನ್ಸಿನವರು ಇದಕ್ಕೊಂದು ಪಂಚಾಂಗವನ್ನೇ ಮಾಡಿಕೊಂಡಿದ್ದಾರೆ. 1975ರ ಆಗಸ್ಟಿನ ರಜೆಯಲ್ಲಿ ಅಲ್ಲಿನ ರಸ್ತೆಗಳು ನೂರಾರು ಕಿಲೋಮೀಟರು ಕಟ್ಟಿಹೋದುವು. ಮರುವರ್ಷವೇ ಸರ್ಕಾರವು ‘ಜಾಣ ಕಾಡೆಮ್ಮೆ’ ಎಂಬ ಅರ್ಥದ ಹೆಸರಿನ ಸೇವೆಯೊಂದನ್ನು ಆರಂಭಿಸಿತು. ಯಾವ ದಿನ ಹಸಿರು, ಯಾವುದು ಕಿತ್ತಳೆ, ಯಾವುದು ಕೆಂಪು, ಯಾವುದು ಕಡುಕಪ್ಪು ಎಂಬುದನ್ನು ಅದು ಮೊದಲೇ ಸಾರುತ್ತದೆ. ಮದುವೆಗೂ ಗೃಹಪ್ರವೇಶಕ್ಕೂ ಮುಹೂರ್ತ ನೋಡುವ ನಾವು ಪ್ರಯಾಣಕ್ಕೆ ಮಾತ್ರ ಎಲ್ಲರೂ ಒಂದೇ ಗಳಿಗೆಯನ್ನು ಆರಿಸಿಕೊಳ್ಳುವುದು ವಿಚಿತ್ರವಲ್ಲವೇ?

ಮಾದನಾಯಕನಹಳ್ಳಿಯ ಬಳಿ ಕಾರು ಅರ್ಧ ಗಂಟೆ ಕದಲಲಿಲ್ಲ. ಎಡಗಡೆಯ ರಸ್ತೆಯಂಚಿನಲ್ಲಿ ಕೆಲವರು ಧೂಳೆಬ್ಬಿಸಿಕೊಂಡು ಮುಂದೆ ನುಗ್ಗುತ್ತಿದ್ದರು. ಮಗ ಎರಡು ಸಲ ತಂದೆಯ ಮುಖ ನೋಡಿ, ಮೂರನೆಯ ಸಲ ನೋಡದೆಯೇ ಚಕ್ರ ತಿರುಗಿಸಿ ಆ ಅಂಚಿಗೆ ಇಳಿದ. ಇನ್ನೂರು ಗಜ ಹೋಗುವಷ್ಟರಲ್ಲಿ ಅಲ್ಲಿಯೂ ಸಾಲು ನಿಂತಿತು. ಆಗ ಹಿಂದಿನಿಂದ ಆಂಬುಲೆನ್ಸಿನ ಕೂಗು ಕೇಳಿಸಿತು. ಅದಕ್ಕೆ ಉಳಿದಿದ್ದ ಏಕೈಕ ದಾರಿಯಲ್ಲಿ ಈಗ ಜಾಣರ ಸಾಲು. ಆ ಸಾಲಿನಲ್ಲಿ ಮೇಷ್ಟರ ಮಗನ ಕಾರು.

ಜರ್ಮನಿಯ ಹೆದ್ದಾರಿಗಳಲ್ಲಿ ದಟ್ಟಣೆ ಆರಂಭವಾದೊಡನೆ, ಆಂಬುಲೆನ್ಸು ಬರಲಿ ಬಾರದಿರಲಿ, ವಾಹನಗಳು ಇಬ್ಬದಿಗೆ ಸರಿದು ನಡುವೆ ಓಣಿ ಬಿಡಬೇಕೆಂಬ ಕಾನೂನಿದೆ. ನಮ್ಮಲ್ಲಿಯೂ 2019ರ ತಿದ್ದುಪಡಿಯ ಪ್ರಕಾರ ಇಂಥ ವಾಹನಕ್ಕೆ ದಾರಿ ಬಿಡದವರಿಗೆ ಹತ್ತು ಸಾವಿರ ರೂಪಾಯಿಗಳ ದಂಡವೋ ಆರು ತಿಂಗಳವರೆಗೆ ಸೆರೆವಾಸವೋ ಉಂಟು. ಆ ರಾತ್ರಿ ಕಾನೂನನ್ನು ನೆನೆಯುವ ಪುರುಸೊತ್ತು ಯಾರಿಗಿತ್ತು! ಮೇಷ್ಟರು ಬಾಗಿಲು ತೆರೆದು ಇಳಿದರು. ಎಪ್ಪತ್ತರ ಸಮೀಪದ ವಯಸ್ಸು, ಪಂಚೆ, ಕೈಯಲ್ಲೊಂದು ಟಾರ್ಚು. ಹುಡುಗರು ಮೂವರೂ ಹಿಂಬಾಲಿಸಿದರು. ಒಂದೊಂದು ಕಾರಿನ ಗಾಜನ್ನೂ ತಟ್ಟಿ, “ಸ್ವಲ್ಪ ಬಲಕ್ಕೆ ತಗೊಳ್ಳಿ ಸ್ವಾಮಿ, ಒಂದು ಜೀವದ ವಿಷಯ” ಎಂದು ಬೇಡಿದರು. ಒಬ್ಬಾತ ಗದರಿದ. ಲಾರಿ ಚಾಲಕನೊಬ್ಬ ಮಾತಾಡದೆ ತನ್ನ ಲಾರಿಯನ್ನು ಹಿಂದೆ ಮುಂದೆ ಮಾಡಿ ಮೂರು ಕಾರುಗಳಿಗೆ ಎಡೆ ಮಾಡಿಕೊಟ್ಟ. ಆಂಬುಲೆನ್ಸು ಹಾದುಹೋಗಲು ಇಪ್ಪತ್ತು ನಿಮಿಷ ಹಿಡಿಯಿತು. ಅದು ಯಾರನ್ನು ಹೊತ್ತೊಯ್ಯುತ್ತಿತ್ತೋ, ಯಾರನ್ನು ತರಲು ಹೋಗುತ್ತಿತ್ತೋ ತಿಳಿಯದು.

ಮೇಷ್ಟರು ಮರಳಿ ಬಂದು ಕುಳಿತಾಗ ಮಗ, “ತಪ್ಪಾಯ್ತು ಅಪ್ಪಾಜಿ” ಎಂದ. ಅವರು ಉತ್ತರ ಕೊಡಲಿಲ್ಲ. ಖಾರ ಮಂಡಕ್ಕಿಯ ಪೊಟ್ಟಣ ಬಿಚ್ಚಿ ಅವನ ಕೈಗಿತ್ತರು.

ಸುಂಕದ ಕಟ್ಟೆ ದಾಟಿದಾಗ ಹತ್ತೂವರೆ. ತುಮಕೂರು, ಸಿರಾ, ಹಿರಿಯೂರುಗಳು ತೂಕಡಿಕೆಯಲ್ಲಿ ಕಳೆದುವು. ಚಿತ್ರದುರ್ಗ ಸೇರಿದಾಗ ರಾತ್ರಿ ಎರಡೂವರೆ. ಜಗಳೂರಿನವನು ಇಲ್ಲಿ ಇಳಿದು ಬಸ್ಸು ಹಿಡಿಯುವುದೆಂದು ಮಾತಾಗಿತ್ತು. ಆದರೆ ಆ ಹೊತ್ತಿನಲ್ಲಿ ಬಸ್ಸೆಲ್ಲಿಯದು? ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಾಲ್ಕಾರು ಮಂದಿ ಚೀಲಗಳನ್ನು ತಲೆಗಿಟ್ಟು ಮಲಗಿದ್ದರು. “ನೀವು ಹೋಗ್ರಿ ಸಾರ್, ಬೆಳಗಾದ್ಮ್ಯಾಲೆ ಹೋಗ್ತೀನಿ” ಎಂದು ಅವನು ಚೀಲ ಹೆಗಲಿಗೇರಿಸಿದ. ಹೊಳಲ್ಕೆರೆಯ ನೇರದಾರಿ ಹಿಡಿದರೆ ಮೇಷ್ಟರು ಹೊತ್ತು ಮೂಡುವುದರೊಳಗೆ ನ್ಯಾಮತಿ ಸೇರಬಹುದಿತ್ತು. ಮಗನು ತಂದೆಯತ್ತ ತಿರುಗಿದ. ಮೇಷ್ಟರು ಗಡಿಯಾರ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹತ್ತಪ್ಪ ಒಳಗೆ” ಎಂದು ಆ ಹುಡುಗನಿಗೆ ಹೇಳಿದರು.

ಜಗಳೂರಿನಲ್ಲಿ ಅವನ ತಾಯಿ ಬಾಗಿಲಲ್ಲಿಯೇ ಕುಳಿತಿದ್ದರು. ಅಲ್ಲಿಂದ ದಾವಣಗೆರೆ, ಸಂತೇಬೆನ್ನೂರಿನ ಪುಷ್ಕರಣಿಯ ಬಳಿ ಬರುವಾಗ ಮೂಡಲು ಕೆಂಪಾಗಿತ್ತು. ಅಡಕೆ ತೋಟಗಳ ನಡುವೆ ಚನ್ನಗಿರಿ ಬಂತು, ಒಬ್ಬನು ಇಳಿದ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಮತ್ತೊಬ್ಬ.

ನ್ಯಾಮತಿಯ ಮನೆಯ ಮುಂದೆ ಕಾರು ನಿಂತಾಗ ಎಂಟು ದಾಟಿತ್ತು. ಓಣಿಯ ಮಕ್ಕಳೆಲ್ಲ ಮಿಂದು ಹೊಸ ಬಟ್ಟೆ ತೊಟ್ಟು ಪಟಾಕಿ ಸುಡುತ್ತಿದ್ದರು. ಮೇಷ್ಟರು ಹಿಂಜರಿಯುತ್ತಲೇ ಹಿತ್ತಲಿಗೆ ಹೋದರು. ಒಲೆಯಲ್ಲಿ ಕುಂಟೆ ಉರಿಯುತ್ತಿತ್ತು, ಹಂಡೆಯ ನೀರು ಇನ್ನೂ ಕುದಿಯುತ್ತಿತ್ತು. ಮನೆಯವರಾರೂ ಅಂದು ಮಿಂದಿರಲಿಲ್ಲ. ಅತ್ತಿಗೆ ಎಣ್ಣೆಯ ಬಟ್ಟಲನ್ನು ತಂದು, ಮೈದುನನ ಕೈಗೆ ಕೊಡದೆ, ತಮ್ಮ ಮಗನ ಕೈಗಿಟ್ಟರು.

“ನಿಮ್ಮಪ್ಪ ಇಡ್ತಿದ್ರಲ್ಲ, ಹಂಗೇ ಇಡು” ಎಂದರು.

ಭಾನುವಾರ ಸಂಜೆ ಹೊರಡುವುದು ಬೇಡವೆಂದು ಮೇಷ್ಟರ ಮಗನೇ ಹೇಳಿದ. ಒಂದು ದಿನದ ರಜೆ ಹೋಯಿತು. ಸೋಮವಾರ ಊಟ ಮುಗಿಸಿ, ಹೊನ್ನಾಳಿ, ಚನ್ನಗಿರಿಗಳಲ್ಲಿ ಇಬ್ಬರನ್ನು ಹತ್ತಿಸಿಕೊಂಡು ಹೊಳಲ್ಕೆರೆಯ ದಾರಿ ಹಿಡಿದರು. ಚಿತ್ರದುರ್ಗದಲ್ಲಿ ಜಗಳೂರಿನವನು, ತಾಯಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಗಂಟನ್ನು ಹಿಡಿದುಕೊಂಡು ಕಾಯುತ್ತಿದ್ದ.