ಐದು ನಿಮಿಷದ ಉಪಚಾರ

ಯಂತ್ರಗಳಿಗೂ ನನಗೂ ಎಣ್ಣೆ ಸೀಗೇಕಾಯಿಯ ಸಂಬಂಧ. ತರಗತಿಯಲ್ಲಿ ಪಂಪನ ವೃತ್ತಗಳನ್ನು ಬಿಡಿಸಿ ಅರ್ಥ ಹೇಳಬಲ್ಲೆ. ಮನೆಯಲ್ಲಿ ನೀರಿನ ಪಂಪಿನ ಒಂದು ತಿರುಪನ್ನು ಬಿಚ್ಚಲಾರೆ. ಇಂಥವನ ವಶಕ್ಕೆ ಆರು ತಿಂಗಳ ಕಾಲ ಒಂದು ಡೀಸೆಲ್ ಗಾಡಿಯನ್ನು ಒಪ್ಪಿಸಿದರೆ ಏನಾದೀತೆಂಬುದನ್ನು ವಾಚಕರು ಊಹಿಸಬಲ್ಲರು. ಆದರೆ ಊಹೆಗೆ ನಿಲುಕದ ಒಂದು ಸಂಗತಿಯೂ ಅದರಲ್ಲಿ ಇದ್ದುದರಿಂದ ಇದನ್ನು ಬರೆಯುತ್ತಿದ್ದೇನೆ.

ಗಾಡಿ ನಮ್ಮ ಚಿಕ್ಕಪ್ಪನದು. ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದ ತಪ್ಪಲು ನಮ್ಮ ಊರು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಸೀಮೆ. ಮಳೆ ಬಂದರೆ ರಾಗಿ, ಕಡಲೆಕಾಯಿ. ಬಾರದಿದ್ದರೆ ಆಕಾಶ ನೋಡುವುದು. ಆಕಾಶ ನೋಡಿ ಬೇಸತ್ತ ಚಿಕ್ಕಪ್ಪ ಬಹಳ ವರ್ಷಗಳ ಹಿಂದೆಯೇ ಹಳೆಯ ಡೀಸೆಲ್ ವ್ಯಾನೊಂದನ್ನು ಕೊಂಡು ಯಾತ್ರಿಕರನ್ನು ಕರೆದೊಯ್ಯುವ ಕಸುಬು ಹಿಡಿದರು. ಹಿಂದಿನ ಎರಡು ಸಾಲು ಆಸನಗಳನ್ನು ತೆಗೆಸಿ, ಮಲಗುವುದಕ್ಕೆ ಹಲಗೆ, ಪಾತ್ರೆಗಳಿಗೆ ಗೂಡು, ನೀರಿಗೊಂದು ಡ್ರಮ್ಮು, ಒಂದು ಸ್ಟೌ, ಇಷ್ಟನ್ನೂ ಅಳವಡಿಸಿದರು. ಹೊರದೇಶಗಳಲ್ಲಿ ಇಂಥ ವಾಹನವನ್ನು ಮೋಟಾರ್‌ಹೋಮ್ ಎನ್ನುತ್ತಾರಂತೆ. ನಮ್ಮೂರಿನವರು ಅದನ್ನು ‘ಚಕ್ರದ ಮನೆ’ ಎಂದರು. ಹತ್ತಿರದ ಕೈವಾರ, ಮುರುಗಮಲ್ಲದಿಂದ ಹಿಡಿದು ತಿರುಪತಿ, ಧರ್ಮಸ್ಥಳ, ರಾಮೇಶ್ವರದವರೆಗೆ ಆ ಮನೆ ಓಡಾಡಿತು. ಚಿಕ್ಕಮ್ಮ ತೀರಿಕೊಂಡ ಮೇಲಂತೂ ಚಿಕ್ಕಪ್ಪನಿಗೆ ನಿಜವಾದ ಮನೆ ಅದೇ ಆಯಿತು.

2020ರ ಮಾರ್ಚ್ ತಿಂಗಳಿನಲ್ಲಿ ಅವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ಮಗಳ ಮನೆಗೆ ಹೋದರು. ನಾಲ್ಕು ದಿನದಲ್ಲಿ ಬರುವವರು. ಗಾಡಿಯನ್ನು ಹುಣಿಸೆಮರದ ಕೆಳಗೆ ನಿಲ್ಲಿಸಿ, ನೆಲ ಇಳಿಜಾರಾದ್ದರಿಂದ ಹ್ಯಾಂಡ್‌ಬ್ರೇಕ್ ಎಳೆದು, ಹೊರಟುಬಿಟ್ಟರು. 22ರಂದು ಜನತಾ ಕರ್ಫ್ಯೂ ಬಂದಿತು. 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಕಾಲೇಜು ಮುಚ್ಚಿದ್ದರಿಂದ ನಾನು ಹೆಂಡತಿ ಮಗಳೊಡನೆ ಊರು ಸೇರಿದ್ದೆ. ಚಿಕ್ಕಪ್ಪ ನಗರದ ನಾಲ್ಕನೆಯ ಮಹಡಿಯಲ್ಲಿ ಸಿಕ್ಕಿಕೊಂಡರು.

ಮೊದಲ ವಾರದಲ್ಲೇ ಫೋನು ಬಂದಿತು. “ನೋಡಪ್ಪಾ, ಇದು ಬೇಗ ಮುಗಿಯೋ ಹಾಗೆ ಕಾಣಲ್ಲ. ಟ್ಯಾಂಕಿನ ತುಂಬಾ ಡೀಸೆಲ್ ಹಾಕಿಸು. ಬ್ಯಾಟರಿ ತಂತಿ ಬಿಚ್ಚಿಡು. ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡು. ಆಮೇಲೆ ಅದರ ತಂಟೆಗೆ ಹೋಗಬೇಡ, ಮಲಗಿರಲಿ.”

ನಾನು ಹೂಂಗುಟ್ಟಿದೆ. ಮಾಡಲಿಲ್ಲ. ಡೀಸೆಲ್ ತರಬೇಕಾದರೆ ಪೋಲೀಸರ ಕಾವಲು ದಾಟಿ ಚಿಂತಾಮಣಿಗೆ ಹೋಗಬೇಕು. ಯಾವ ತಂತಿ ಬಿಚ್ಚಬೇಕೆಂದು ಕೇಳಲು ಮೇಷ್ಟರ ಅಭಿಮಾನ ಅಡ್ಡ ಬಂದಿತು. ಎಲ್ಲಕ್ಕಿಂತ ಹೆಚ್ಚಾಗಿ, 21 ದಿನಗಳ ಮಾತು ತಾನೆ ಎಂಬ ಉದಾಸೀನ.

ಅದರ ಬದಲು ನನಗೆ ನಾನೇ ಒಂದು ಉಪಚಾರವನ್ನು ಕಂಡುಕೊಂಡೆ. ನನಗೆ ಗಾಡಿ ಓಡಿಸಲು ಬಾರದು. ಕೀಲಿ ತಿರುಗಿಸಲು ಬರುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ಗಾಡಿಯನ್ನು ಶುರು ಮಾಡಿ, ನಿಂತಲ್ಲೇ ಐದು ನಿಮಿಷ ಗುಡುಗುಡಿಸಿ, ಆರಿಸುವುದು. ಆ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪನಿಗೆ ಫೋನು ಮಾಡಿ ಅದನ್ನು ಎಂಜಿನ್ನಿನ ಬಳಿ ಹಿಡಿಯುವುದು. ಮೊದಲನೆಯ ಸಲ ಅವರು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಸುಮ್ಮನಾದರು. ಐದು ನಿಮಿಷವೂ ಕೇಳಿ, “ಚೆನ್ನಾಗಿದೆ ಕಣೋ” ಎಂದರು. ಮುಂದಿನ ಭಾನುವಾರ ನಾನು ಫೋನು ಮಾಡುವ ಮೊದಲೇ ಅವರದೇ ಬಂದಿತು.

21 ದಿನಗಳು ಮೇ ತಿಂಗಳಿನ ಕೊನೆಯವರೆಗೆ ಬೆಳೆದವು. ಜೂನ್ 8ರಿಂದ ದೇವಸ್ಥಾನಗಳ ಬಾಗಿಲು ತೆರೆದರೂ ಯಾತ್ರೆಗೆ ಬರುವ ಧೈರ್ಯ ಯಾರಿಗಿತ್ತು? ವಯಸ್ಸಾದವರು ಹೊರಗೆ ಬರಬಾರದೆಂದು ಮಗಳು ಚಿಕ್ಕಪ್ಪನನ್ನು ಬಿಡಲಿಲ್ಲ. ನಾನು ಸಿಗ್ನಲ್ ಸಿಕ್ಕುವ ಬಂಡೆಯೊಂದರ ಮೇಲೆ ಕುಳಿತು, ಮುಖ ಕಾಣದ ವಿದ್ಯಾರ್ಥಿಗಳಿಗೆ ಕುಮಾರವ್ಯಾಸನನ್ನು ಪಾಠ ಹೇಳುತ್ತಿದ್ದೆ. ಭಾನುವಾರದ ಐದು ನಿಮಿಷಗಳು ಮಾತ್ರ ತಪ್ಪಲಿಲ್ಲ.

ಜುಲೈ ತಿಂಗಳಿನ ಒಂದು ಭಾನುವಾರ ಕೀಲಿ ತಿರುಗಿಸಿದರೆ ಗಾಡಿ ಒಮ್ಮೆ ನರಳಿ ಸುಮ್ಮನಾಯಿತು. ಮತ್ತೆ ತಿರುಗಿಸಿದೆ, ಟಿಕ್ ಟಿಕ್ ಎಂಬ ಸದ್ದಷ್ಟೇ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ತೆಗೆದುಕೊಂಡು, “ಸಿಗ್ನಲ್ ಸರಿಯಿಲ್ಲ ಚಿಕ್ಕಪ್ಪ” ಎಂದು ಸುಳ್ಳು ಹೇಳಿದೆ.

ಒಂದು ಸುಳ್ಳಿಗೆ ಇನ್ನೊಂದು ಆಸರೆ ಬೇಕಲ್ಲ. ಎಂದೋ ಒಂದು ಭಾನುವಾರ ನನ್ನ ಮಗಳು ಆಟಕ್ಕೆಂದು ಗಾಡಿಯ ಸದ್ದನ್ನು ಅವಳ ತಾಯಿಯ ಫೋನಿನಲ್ಲಿ ಮುದ್ರಿಸಿದ್ದಳು. ಮರುವಾರ ಆ ಫೋನನ್ನು ನನ್ನ ಫೋನಿನ ಪಕ್ಕದಲ್ಲಿಟ್ಟು ಸದ್ದನ್ನು ಹಾಕಿದೆ. ಗಾಡಿ ಸತ್ತಂತೆ ನಿಂತಿದೆ. ಅದರ ಧ್ವನಿ ಮಾತ್ರ ಬೆಂಗಳೂರಿನ ನಾಲ್ಕನೆಯ ಮಹಡಿಗೆ ಹೋಗುತ್ತಿದೆ! ಚಿಕ್ಕಪ್ಪ ಕೊನೆಯವರೆಗೂ ಕೇಳಿ, “ಹೂಂ” ಎಂದರು. ‘ಚೆನ್ನಾಗಿದೆ’ ಎನ್ನಲಿಲ್ಲ. ಹೀಗೆ ಎಂಟು ಭಾನುವಾರಗಳು ಕಳೆದವು. ನನ್ನ ಹೆಂಡತಿ ಆ ಹೊತ್ತಿಗೆ ಅಂಗಳಕ್ಕೆ ಬರುವುದನ್ನೇ ಬಿಟ್ಟಳು.

ಸೆಪ್ಟೆಂಬರ್ ತಿಂಗಳಿನಲ್ಲಿ ಚಿಕ್ಕಪ್ಪ ಊರಿಗೆ ಬಂದರು. ಬಂದವರು ಮನೆಯೊಳಗೆ ಹೋಗಲಿಲ್ಲ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಮಾಡಿ, ಟಯರು ನೆಲ ಕಚ್ಚಿದ ಜಾಗವನ್ನು ಕಾಲಿನಿಂದ ಮುಟ್ಟಿ, ಚಿಂತಾಮಣಿಯಿಂದ ಮೇಸ್ತ್ರಿಯನ್ನು ಕರೆಸಿದರು.

ಮೇಸ್ತ್ರಿ ಒಂದೊಂದಾಗಿ ಬಿಚ್ಚಿದ ಹಾಗೆಲ್ಲ ನನ್ನ ಪಾಪಗಳು ಹೊರಬಿದ್ದವು. ಡೀಸೆಲ್ ಯಂತ್ರದಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. 1893ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ಇದಕ್ಕೆ ಪೇಟೆಂಟ್ ಪಡೆದಂದಿನಿಂದ ಗುಟ್ಟು ಒಂದೇ: ಗಾಳಿಯನ್ನು ಬಲವಾಗಿ ಅಮುಕಿದರೆ ಅದು ಕಾದು, ಎಣ್ಣೆಯನ್ನು ತಾನೇ ಹೊತ್ತಿಸುತ್ತದೆ. ಹಾಗೆ ಅಮುಕುವಂತೆ ಎಂಜಿನ್ನನ್ನು ತಿರುಗಿಸಲು ಬ್ಯಾಟರಿ ಬಹಳ ಶಕ್ತಿಯನ್ನು ಕೊಡಬೇಕು. ನಿಂತಲ್ಲೇ ಮೆಲ್ಲಗೆ ಓಡಿದ ಐದು ನಿಮಿಷದಲ್ಲಿ ಆ ಶಕ್ತಿ ಹಿಂದಿರುಗುವುದಿಲ್ಲ. ವಾರವಾರವೂ ನಾನು ಕೊಟ್ಟದ್ದಕ್ಕಿಂತ ತೆಗೆದದ್ದೇ ಹೆಚ್ಚು. ಐದು ನಿಮಿಷದಲ್ಲಿ ಎಂಜಿನ್ ಚೆನ್ನಾಗಿ ಕಾಯುವುದೂ ಇಲ್ಲ. ಎಣ್ಣೆ ಉರಿದಾಗ ಹುಟ್ಟಿದ ನೀರಾವಿ ತಣ್ಣನೆಯ ಸೈಲೆನ್ಸರಿನಲ್ಲಿಯೂ ಎಂಜಿನ್ ಆಯಿಲಿನಲ್ಲಿಯೂ ಹನಿಗಟ್ಟಿ ಉಳಿದಿತ್ತು. ಟ್ಯಾಂಕು ಮುಕ್ಕಾಲು ಬರಿದಾಗಿತ್ತಲ್ಲ, ಆ ಖಾಲಿ ಜಾಗದ ಗಾಳಿಯ ತೇವ ಮಳೆಗಾಲದ ರಾತ್ರಿಗಳಲ್ಲಿ ನೀರಾಗಿ ಡೀಸೆಲಿನ ಅಡಿಗೆ ಇಳಿದು, ನೀರೂ ಎಣ್ಣೆಯೂ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಫಿಲ್ಟರಿನ ತುಂಬ ಕಪ್ಪು ಲೋಳೆ ಕಟ್ಟಿತ್ತು. ಹ್ಯಾಂಡ್‌ಬ್ರೇಕ್ ಎಳೆದೇ ಇದ್ದುದರಿಂದ ಹಿಂದಿನ ಬ್ರೇಕುಗಳು ತುಕ್ಕು ಹಿಡಿದು ಅಂಟಿಕೊಂಡಿದ್ದವು. ಚಿಕ್ಕಮ್ಮನ ಕಾಲದ ಹಾಸಿಗೆಯಲ್ಲಿ ಇಲಿ ಮರಿ ಹಾಕಿತ್ತು. ತಂತಿಗಳ ಸಿಪ್ಪೆಯನ್ನೂ ಮೆದ್ದಿತ್ತು.

“ಸಾರ್, ಓಡಿಸೋದಾದ್ರೆ ರಸ್ತೆ ಮೇಲೆ ಅರ್ಧ ಗಂಟೆ ಓಡಿಸಬೇಕು. ಇಲ್ಲಾಂದ್ರೆ ನೆಟ್ಟಗೆ ಮಲಗಿಸಿಬಿಡಬೇಕು. ಎರಡೂ ಅಲ್ಲದ್ದು ಮಾಡಿದ್ದೀರ” ಎಂದ ಮೇಸ್ತ್ರಿ. ಇಪ್ಪತ್ತು ವರ್ಷದ ಹುಡುಗ. ನನ್ನ ವಿದ್ಯಾರ್ಥಿಯ ವಯಸ್ಸು.

ಸರಿಪಡಿಸಲು ಹದಿನೆಂಟು ಸಾವಿರ ರೂಪಾಯಿ ಬೇಕಾಯಿತು. ಆರು ತಿಂಗಳು ಒಂದು ಬಾಡಿಗೆಯನ್ನೂ ಕಾಣದ ಮನುಷ್ಯನಿಗೆ ಅದು ಸಣ್ಣ ಮೊತ್ತವಲ್ಲ. ನಾನು ಕೊಡಲು ಹೋದೆ. ಅವರು ಅರ್ಧವನ್ನು ಮಾತ್ರ ತೆಗೆದುಕೊಂಡರು.

ಆ ರಾತ್ರಿ ಜಗುಲಿಯ ಮೇಲೆ ಕುಳಿತಾಗ ಧ್ವನಿಮುದ್ರಿಕೆಯ ವಿಷಯವನ್ನು ಒಪ್ಪಿಕೊಂಡೆ.

“ಗೊತ್ತಿತ್ತು ಕಣೋ,” ಎಂದರು ಚಿಕ್ಕಪ್ಪ. “ಎರಡನೇ ವಾರಾನೇ ಗೊತ್ತಾಯ್ತು. ಗಾಡಿ ಆರಿಸೋಕೆ ಮುಂಚೆ ಒಂದು ಕಾಗೆ ಎರಡು ಸಲ ಕೂಗ್ತಿತ್ತು. ಪ್ರತಿ ವಾರಾನೂ ಅದೇ ಕಾಗೆ, ಅದೇ ಹೊತ್ತಿಗೆ ಕೂಗುತ್ತೇನಪ್ಪಾ?”

“ಮತ್ತೆ ಯಾಕೆ ಬೈಯಲಿಲ್ಲ?”

ಅವರು ಬಹಳ ಹೊತ್ತು ಮಾತಾಡಲಿಲ್ಲ. “ನಿಂತಲ್ಲೇ ಐದು ನಿಮಿಷ ಓಡಿಸೋದು ಕೆಟ್ಟದ್ದು ಅಂತ ಮೊದಲನೇ ದಿನಾನೇ ಹೇಳಬೇಕಾಗಿತ್ತು. ಹೇಳಿದ್ರೆ ಸದ್ದು ನಿಂತುಹೋಗುತ್ತಲ್ಲ! ಅಲ್ಲಿ ಕಿಟಕಿಯಿಂದ ನೋಡಿದ್ರೆ ಬೀದೀಲಿ ಒಂದು ನರಪಿಳ್ಳೆ ಇರಲಿಲ್ಲ. ಮಗಳೂ ಅಳಿಯನೂ ಬಾಗಿಲು ಹಾಕ್ಕೊಂಡು ಆಫೀಸಿನ ಕೆಲಸ ಮಾಡೋರು. ಗಾಡಿ ಹಾಳಾದ್ರೆ ರಿಪೇರಿ ಮಾಡಿಸಬಹುದು ಅಂದ್ಕೊಂಡೆ. ತಪ್ಪು ನಿಂದು ಅರ್ಧ, ನಂದು ಅರ್ಧ. ದುಡ್ಡು ಅದಕ್ಕೇ ಅರ್ಧ ತಗೊಂಡೆ.”

ನಾನು ಉಪಚರಿಸುತ್ತಿದ್ದೇನೆಂದು ತಿಳಿದದ್ದು ಗಾಡಿಯನ್ನು. ಉಪಚಾರ ಬೇಕಾಗಿದ್ದುದು ಇನ್ನೊಬ್ಬರಿಗೆ. ಅವರಿಗೂ ನಾನು ಕೊಟ್ಟದ್ದು ವಾರಕ್ಕೆ ಐದು ನಿಮಿಷ. ಅದನ್ನೂ ಎಂಜಿನ್ನಿಗೇ ಮಾತಾಡಲು ಬಿಟ್ಟು ನಾನು ಸುಮ್ಮನಿದ್ದೆ.

ಕಳೆದ ವರ್ಷ ಚಿಕ್ಕಪ್ಪ ಇನ್ನೊಂದು ಕಣ್ಣಿನ ಚಿಕಿತ್ಸೆಗೆ ಹೋದಾಗ ಮೂರು ತಿಂಗಳು ನಿಲ್ಲಬೇಕಾಯಿತು. ಈ ಸಲ ಟ್ಯಾಂಕು ತುಂಬಿಸಿದೆ. ಬ್ಯಾಟರಿಯ ಋಣ ತಂತಿಯನ್ನು ಮೊದಲು, ಧನ ತಂತಿಯನ್ನು ಆಮೇಲೆ ಬಿಚ್ಚಿ, ಬ್ಯಾಟರಿಯನ್ನು ಒಳಗೆ ತಂದು ಹಲಗೆಯ ಮೇಲಿಟ್ಟು, ತಿಂಗಳಿಗೊಮ್ಮೆ ಚಾರ್ಜು ಮಾಡಿಸಿದೆ. ಚಕ್ರಗಳಿಗೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಟ್ಟೆ. ಟಯರುಗಳಿಗೆ ಗಾಳಿ ತುಂಬಿಸಿದೆ. ಹಾಸಿಗೆಯನ್ನೂ ಕಾಳಿನ ಡಬ್ಬಗಳನ್ನೂ ಮನೆಯೊಳಕ್ಕೆ ಸಾಗಿಸಿದೆ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ‘ಬಟ್ಟೆ ತೆಗೆದು ಶುರು ಮಾಡಿ’ ಎಂದು ದಪ್ಪಕ್ಷರಗಳಲ್ಲಿ ಬರೆದು ಸ್ಟೀರಿಂಗಿಗೆ ಕಟ್ಟಿದೆ. ಆಮೇಲೆ ಅದರ ತಂಟೆಗೆ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಫೋನು ಮಾಡಿದೆ. ಒಂದು ಗಂಟೆ ಮಾತಾಡಿದೆವು. ಮಳೆ, ಟೊಮೆಟೊ ದರ, ಚಿಕ್ಕಮ್ಮನೊಡನೆ ಮಾಡಿದ ರಾಮೇಶ್ವರದ ಯಾತ್ರೆ. ಕೊನೆಗೆ ಅವರು ಕೇಳಿದರು:

“ಗಾಡಿ ಹೇಗಿದೆಯೋ?”

“ಮಲಗಿದೆ ಚಿಕ್ಕಪ್ಪ.”

“ಮಲಗಿರಲಿ, ಎಬ್ಬಿಸಬೇಡ,” ಎಂದು ನಕ್ಕರು. “ಆ ಕಾಗೇನಾದ್ರೂ ಒಂದು ಸಲ ಕೂಗಿಸು.”