ಹಿರಿಯಡ್ಕದ ಹೊಳೆ ಮತ್ತು ಒಂದು ತಾರೀಖು

ಉಡುಪಿಯಿಂದ ಪೂರ್ವಕ್ಕೆ ಹೊರಟ ಬಸ್ಸು ಮಣಿಪಾಲದ ಏರು ಹತ್ತಿ, ಪರ್ಕಳ, ಆತ್ರಾಡಿಗಳನ್ನು ದಾಟಿ ಸುಮಾರು 15 ಕಿ.ಮೀ. ಸಾಗುವಷ್ಟರಲ್ಲಿ ಹಿರಿಯಡ್ಕ ಪೇಟೆ ಎದುರಾಗುತ್ತದೆ. ಇದೇ ರಸ್ತೆ ಮುಂದೆ ಪೆರ್ಡೂರು, ಹೆಬ್ರಿ, ಸೋಮೇಶ್ವರಗಳ ಮೂಲಕ ಆಗುಂಬೆ ಘಾಟಿ ಏರಿ ತೀರ್ಥಹಳ್ಳಿ ಸೇರುತ್ತದೆ. ತುಳುವಿನಲ್ಲಿ ಅಡ್ಕ ಎಂದರೆ ಬಯಲು. ಯಕ್ಷಗಾನ ಪ್ರಿಯರಿಗೆ ಹಿರಿಯಡ್ಕವೆಂದರೆ ಮದ್ದಳೆಯ ಗೋಪಾಲ ರಾಯರ ಊರು. ಭಕ್ತರಿಗೆ ವೀರಭದ್ರ ದೇವಸ್ಥಾನದ ಊರು. ಉಡುಪಿ ನಗರದ ಗೃಹಿಣಿಯರಿಗೆ ಮಾತ್ರ ಇದು ನಲ್ಲಿಯ ನೀರು ಹೊರಡುವ ಊರು. ಸಮೀಪದ ಬಜೆಯಲ್ಲಿ ಸ್ವರ್ಣಾ ನದಿಗೆ ಕಟ್ಟಿರುವ ಅಣೆಕಟ್ಟೆಯಿಂದಲೇ ಉಡುಪಿ, ಮಣಿಪಾಲಗಳಿಗೆ ಕುಡಿಯುವ ನೀರು ಹೋಗುತ್ತದೆ.

ಸ್ವರ್ಣಾ ಘಟ್ಟದ ಅಂಚಿನಲ್ಲಿ ಹುಟ್ಟಿ, ಕಾರ್ಕಳದ ಕಡೆಯಿಂದ ಇಳಿದು, ಶೀರೂರು ಮತ್ತು ಪುತ್ತಿಗೆ ಮಠಗಳ ಮಗ್ಗುಲಲ್ಲಿ ಹರಿದು ಬಜೆಗೆ ಬರುತ್ತದೆ. ಮಣಿಪಾಲದ ಎಂಡ್ ಪಾಯಿಂಟ್ ಉದ್ಯಾನದಲ್ಲಿ ನಿಂತು ಮಕ್ಕಳು ಕೆಳಗೆ ನೋಡುವ ಹೊಳೆಯೂ ಇದೇ. ಕೊನೆಗೆ ಸೀತಾನದಿಯೊಡನೆ ಸೇರಿ ಕೋಡಿ ಬೆಂಗ್ರೆಯ ಬಳಿ ಸಮುದ್ರ ಕಾಣುತ್ತದೆ. ಓಟ ಚಿಕ್ಕದು, ಇಳಿಜಾರು ಹೆಚ್ಚು. ಘಟ್ಟದಲ್ಲಿ ರಾತ್ರಿ ಸುರಿದದ್ದು ಬೆಳಗಾಗುವಷ್ಟರಲ್ಲಿ ಬಯಲಿನ ಮನೆಗಳ ಅಂಗಳದಲ್ಲಿರುತ್ತದೆ.

2020ರ ಸೆಪ್ಟೆಂಬರ್ 20, ಭಾನುವಾರ, ಆದದ್ದು ಇದೇ. ತುಳು ತಿಂಗಳ ಲೆಕ್ಕದಲ್ಲಿ ಆಟಿ ಕಳೆದಿತ್ತು, ಸೋಣವೂ ಮುಗಿದಿತ್ತು, ನಿರ್ನಾಲ ಆರಂಭವಾಗಿ ನಾಲ್ಕೈದು ದಿನ ಅಷ್ಟೆ. ಈ ತಿಂಗಳುಗಳು ಸೌರಮಾನದವು. ಆದ್ದರಿಂದ ಶ್ರಾವಣ, ಭಾದ್ರಪದಗಳಂತೆ ಹಿಂದೆ ಮುಂದೆ ಜರುಗದೆ ಪ್ರತಿವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಮಳೆಯನ್ನು ನೆನಪಿಡುವುದಕ್ಕೆ ಹಿರಿಯರು ಆರಿಸಿಕೊಂಡ ಪಂಚಾಂಗ ಸರಿಯಾದದ್ದೇ ಎನ್ನಬೇಕು. ಆ ಲೆಕ್ಕದಂತೆ ನಿರ್ನಾಲವೆಂದರೆ ಮಳೆ ಇಳಿಮುಖವಾಗಿ, ಏಣೆಲು ಪೈರು ತೆನೆ ಬಲಿಯುವ ಹೊತ್ತು. ಆದರೆ ಶನಿವಾರ ರಾತ್ರಿ ಹಿಡಿದ ಮಳೆ ಬೆಳಗಾದರೂ ಬಿಡಲಿಲ್ಲ. ಜಿಲ್ಲೆಯ ಹಲವು ಕಡೆ ಮಳೆ 200 ಮಿ.ಮೀ. ಮೀರಿತು. ಸ್ವರ್ಣಾ, ಸೀತಾ ಎರಡೂ ದಡ ಮೀರಿದವು. ಉಡುಪಿ ನಗರದೊಳಗೆ ಇಂದ್ರಾಣಿ ಹೊಳೆ ಉಕ್ಕಿ ಕಲ್ಸಂಕ, ಕೃಷ್ಣ ಮಠದ ಪರಿಸರ ಜಲಾವೃತವಾಯಿತು. ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆ ಬಂತು, ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಗದ್ದೆಗಳಲ್ಲಿ ಬಲಿತ ಪೈರು ನೀರಿನಡಿ ಮಲಗಿತು.

ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಇದಕ್ಕೆ ಕೇವಲ 16 ತಿಂಗಳ ಹಿಂದೆ, 2019ರ ಮೇ ತಿಂಗಳಲ್ಲಿ, ಇದೇ ಬಜೆ ಅಣೆಕಟ್ಟೆಯ ತಳ ಕಾಣಿಸಿತ್ತು. ಹೊಳೆಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪಿನಿಂದ ಎತ್ತಿ ಹಾಯಿಸಬೇಕಾಯಿತು. ನಗರದಲ್ಲಿ ನೀರು ಸರದಿಯ ಮೇಲೆ. ಕೊಡಗಳ ಸಾಲು, ಟ್ಯಾಂಕರುಗಳ ದಾರಿ ಕಾಯುವ ಮನೆಗಳು. ಆ ವರ್ಷ ಮುಂಗಾರು ಕೇರಳ ತಲುಪಿದ್ದೇ ಜೂನ್ 8ಕ್ಕೆ. ವರ್ಷಕ್ಕೆ 4,000 ಮಿ.ಮೀ.ಗೂ ಮೀರಿ ಮಳೆ ಬೀಳುವ ಜಿಲ್ಲೆಯಲ್ಲಿ ಕುಡಿಯಲು ನೀರಿಲ್ಲವೆಂದರೆ ಘಟ್ಟದ ಮೇಲಿನವರು ನಗುತ್ತಾರೆ. ಕಾರಣ ಸರಳವಾಗಿದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದುಹೋಗುತ್ತದೆ. ಮುರಕಲ್ಲಿನ ನೆಲ ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುತ್ತದೆ. ಬಜೆಯದು ನೀರನ್ನು ವರ್ಷವಿಡೀ ಕೂಡಿಡುವ ದೊಡ್ಡ ಜಲಾಶಯವೂ ಅಲ್ಲ.

ಹಾಗಾದರೆ ಸೆಪ್ಟೆಂಬರ್ 20ರಂದು ಹಿರಿಯಡ್ಕದ ಕಡೆ ಸಾಮಾನ್ಯವಾಗಿ ಎಷ್ಟು ಮಳೆ? ವಿದ್ಯಾರ್ಥಿಗಳು ಕೇಳುವ ಈ ಪ್ರಶ್ನೆ ಸುಲಭವಾಗಿ ಕಾಣುತ್ತದೆ, ಸುಲಭದ್ದಲ್ಲ. ಮೊದಲನೆಯದಾಗಿ, ಮಳೆಯ ದಿನವೇ ಬೇರೆ. ಗಡಿಯಾರದ ದಿನ ಮಧ್ಯರಾತ್ರಿ ಬದಲಾದರೆ, ಭಾರತೀಯ ಹವಾಮಾನ ಇಲಾಖೆಯ ಮಳೆ ದಿನ ಬದಲಾಗುವುದು ಬೆಳಗ್ಗೆ 8.30ಕ್ಕೆ. ಆ ಹೊತ್ತಿಗೆ ಮಳೆಮಾಪಕದಲ್ಲಿ ಇರುವುದು ಹಿಂದಿನ 24 ಗಂಟೆಗಳ ನೀರು. ಅದನ್ನು ಅಳೆದ ದಿನದ ತಾರೀಖಿಗೇ ಬರೆಯುತ್ತಾರೆ. ಅಂದರೆ ಸೆಪ್ಟೆಂಬರ್ 20ರ ಸಾಲಿನಲ್ಲಿರುವುದು ಬಹುಪಾಲು 19ರ ಹಗಲು ರಾತ್ರಿಗಳ ಮಳೆ. 20ರ ಬೆಳಗ್ಗೆ 9 ಗಂಟೆಗೆ ಸುರಿದದ್ದು 21ರ ಸಾಲಿಗೆ ಹೋಗುತ್ತದೆ.

ಮುಂಬೈಯ ಮಳೆ ಇದಕ್ಕೆ ಪ್ರಸಿದ್ಧ ಉದಾಹರಣೆ. 2005ರ ಜುಲೈ 26ರ ಮಳೆ ಎಂದೇ ಲೋಕ ಅದನ್ನು ಕರೆಯುತ್ತದೆ. ಸಾಂತಾಕ್ರೂಜ್ ಕೇಂದ್ರದ 944 ಮಿ.ಮೀ. ಮಾತ್ರ ಜುಲೈ 27ರ ಬೆಳಗ್ಗೆ 8.30ಕ್ಕೆ ಮುಗಿದ 24 ಗಂಟೆಗಳದ್ದು. ಅದೇ ಅವಧಿಯಲ್ಲಿ ಅದೇ ನಗರದ ಕೊಲಾಬಾದಲ್ಲಿ ಬಿದ್ದದ್ದು 73 ಮಿ.ಮೀ.ಯಷ್ಟೇ! ಒಂದು ನಗರದೊಳಗೇ ಈ ವ್ಯತ್ಯಾಸವಾದರೆ, ಕಡಲತೀರದ ಉಡುಪಿಯ ಮಾಪಕ ಹಿರಿಯಡ್ಕದ ಅಂಗಳದ ಲೆಕ್ಕ ಹೇಳಲಾರದು. ಇಲ್ಲಿಂದ ಇದೇ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಹೋದರೆ ಸಿಗುವ ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಮಳೆಯಾದ ದಾಖಲೆಯಿದೆ. ಕರಾವಳಿಗೆ ಒಂದು ವರ್ಷಕ್ಕೆ ಸಾಕಾಗುವ ಮಳೆ ಅದು.

ಎರಡನೆಯ ತೊಡಕು ಸರಾಸರಿಯದು. ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಒಂದು ತಾರೀಖಿಗೆ 10 ಮಿ.ಮೀ.ನಂತೆ, ಒಂದು ವರ್ಷ 200 ಮಿ.ಮೀ. ಬಿತ್ತೆಂದು ಇಟ್ಟುಕೊಳ್ಳಿ. ಸರಾಸರಿ 29 ಮಿ.ಮೀ. ಅಷ್ಟು ಮಳೆ ಆ ಹತ್ತರಲ್ಲಿ ಒಂದು ವರ್ಷವೂ ಬಿದ್ದಿಲ್ಲ! ಆದ್ದರಿಂದಲೇ ಹವಾಮಾನ ಇಲಾಖೆ ವಾಡಿಕೆ ಮಳೆಯನ್ನು ದಶಕಗಳ ಲೆಕ್ಕದಿಂದ ತೆಗೆಯುತ್ತದೆ. 2022ರಲ್ಲಿ ಪ್ರಕಟಿಸಿದ ಮಳೆಯ ವಾಡಿಕೆಗೆ 1971ರಿಂದ 2020ರವರೆಗಿನ 50 ವರ್ಷಗಳು ಆಧಾರ. ಸಾಲು ಉದ್ದವಾದಷ್ಟೂ ಒಂದು ತಾರೀಖಿನ ಅಂಕಿಗೆ ಬೆಲೆ.

ಬೆಂಗಳೂರಿನ ಸಾಲು ಅಂಥದ್ದು. 2024ರ ಜೂನ್ 2ರಂದು ಅಲ್ಲಿ 111.1 ಮಿ.ಮೀ. ಮಳೆ ಬಂದಾಗ, ಜೂನ್ ತಿಂಗಳ ಒಂದು ದಿನದ ಮಟ್ಟಿಗೆ 133 ವರ್ಷಗಳ ದಾಖಲೆ ಮುರಿಯಿತೆಂದು ಸುದ್ದಿಯಾಯಿತು. ಹಳೆಯ ದಾಖಲೆ 1891ರ ಜೂನ್ 16ರದ್ದು, 101.6 ಮಿ.ಮೀ. ಈ 101.6ನ್ನು 25.4ರಿಂದ ಭಾಗಿಸಿ ನೋಡಿ, ಸರಿಯಾಗಿ 4 ಬರುತ್ತದೆ. ಆಗ ಮಳೆ ಅಳೆಯುತ್ತಿದ್ದುದು ಅಂಗುಲದಲ್ಲಿ. 1891ರ ಆ ದಿನ ಯಾರೋ ಒಬ್ಬ ನೌಕರ ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನಾಲ್ಕು ಅಂಗುಲ ಎಂದು ಬರೆದಿಟ್ಟಿದ್ದಾನೆ. ಆತ ಬರೆಯದಿದ್ದರೆ 2024ರಲ್ಲಿ ಮುರಿಯುವುದಕ್ಕೆ ದಾಖಲೆಯೇ ಇರುತ್ತಿರಲಿಲ್ಲ.

ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲೇ ಇವೆ. ಉಡುಪಿ, ಕಾರ್ಕಳಗಳ ನಡುವೆ ಬಿದ್ದಿರುವ ಹಿರಿಯಡ್ಕದಂಥ ಊರುಗಳಿಗೆ ಇದು ದೊಡ್ಡ ಅನುಕೂಲ. ಆದರೆ ಯಂತ್ರಕ್ಕೆ ವಯಸ್ಸು ಕಡಿಮೆ. ಅಜ್ಜನ ಕಾಲದ ಮಳೆ ಅದಕ್ಕೆ ಗೊತ್ತಿಲ್ಲ. ಕೆಲವು ಕೃಷಿಕರ ಮನೆಗಳಲ್ಲಿ ಅಡಿಕೆ ತೋಟದ ಲೆಕ್ಕದ ಜೊತೆ ಮಳೆಯ ಲೆಕ್ಕವನ್ನೂ ಬರೆದಿಡುವ ಅಭ್ಯಾಸ ಕರಾವಳಿಯಲ್ಲಿದೆ. ಮಂಗಳೂರು ಹಂಚಿನ ಮಾಡಿನಡಿ, ಗೆದ್ದಲಿಗೆ ಸಿಗದೆ ಉಳಿದ ಅಂಥ ಪುಸ್ತಕ ಯಾವ ಮನೆಯಲ್ಲಾದರೂ ಇದ್ದರೆ, ಮಕ್ಕಳು ಅದನ್ನು ಹಳೆ ಕಾಗದದವನಿಗೆ ಕೊಡುವ ಮೊದಲು ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು.

ಹೊಸದಾಗಿ ಆರಂಭಿಸುವುದೂ ಕಷ್ಟವಲ್ಲ. ಬಾಯಿಯೂ ತಳವೂ ಒಂದೇ ಅಗಲ ಇರುವ ನೇರ ಗೋಡೆಯ ಪಾತ್ರೆ ಸಾಕು. ಅದರಲ್ಲಿ ನಿಂತ ನೀರಿನ ಎತ್ತರವೇ ಮಳೆ. ಮರ, ಮಾಡುಗಳಿಂದ ದೂರ ಇಡಬೇಕು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆಯೆಂದರೆ ಒಂದು ಲೀಟರ್ ನೀರು. ಈ ಲೆಕ್ಕದಂತೆ ಹತ್ತು ಸೆಂಟ್ಸ್ ಹಿತ್ತಿಲಿನ ಮೇಲೆ 200 ಮಿ.ಮೀ. ಬಿದ್ದರೆ 80 ಸಾವಿರ ಲೀಟರ್ ದಾಟುತ್ತದೆ. ಹತ್ತಾರು ಟ್ಯಾಂಕರು ನೀರು ಒಂದೇ ರಾತ್ರಿಯಲ್ಲಿ ಅಂಗಳ ದಾಟಿ ಸ್ವರ್ಣೆಯ ಕಡೆ ಓಡುತ್ತದೆ ಎಂದಾಯಿತು. ಬಾವಿಯ ಪಕ್ಕ ಇಂಗುಗುಂಡಿ ತೋಡುವ ಮಾತು ಬಂದಾಗ ತಂದೆತಾಯಂದಿರು ಈ ಅಂಕಿಯನ್ನು ಮಕ್ಕಳಿಂದಲೇ ಮಾಡಿಸಬಹುದು.

ಬರೆಯುವಾಗ ಒಂದು ಎಚ್ಚರ. ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ನೆಂಟರ ಮನೆಗೆ ಹೋಗಿ ಅಳೆಯದೆ ಉಳಿದ ದಿನ ಗೆರೆ ಎಳೆಯಬೇಕು. ಎರಡೂ ಒಂದೇ ಎಂದು ತಿಳಿದು ಖಾಲಿ ಬಿಟ್ಟರೆ, ಇಪ್ಪತ್ತು ವರ್ಷ ಕಳೆದು ಪುಸ್ತಕ ತೆರೆದವರಿಗೆ ಆ ದಿನ ಹಿರಿಯಡ್ಕದಲ್ಲಿ ಬಿಸಿಲಿತ್ತೋ, ಪುಸ್ತಕದ ಯಜಮಾನ ಊರಲ್ಲಿರಲಿಲ್ಲವೋ ತಿಳಿಯುವುದಿಲ್ಲ. 2019ರ ಮೇ ತಿಂಗಳಂಥ ಬೇಸಿಗೆಯ ಪುಟದಲ್ಲಿ ಸೊನ್ನೆಗಳೇ ಸಾಲಾಗಿ ನಿಲ್ಲುತ್ತವೆ, ಮತ್ತು ಪ್ರತಿ ಸೊನ್ನೆಗೂ ಬೆಳಗ್ಗೆ 8.30ಕ್ಕೆ ಎದ್ದು ಹೋಗಿ ಖಾಲಿ ಪಾತ್ರೆ ನೋಡಿಬರಬೇಕು.